ಮೂಗರ್ಜಿಯಾಗುವ ಮುನ್ನ

ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ‘ಮೂಗರ್ಜಿ’ ಎಂಬ ಪದವೊಂದಿದೆ. ಹೆಸರು, ಸಹಿ, ವಿಳಾಸ ಯಾವುದೂ ಇಲ್ಲದ ದೂರನ್ನು ಹಾಗೆ ಕರೆಯುತ್ತಾರೆ. ಅರ್ಜಿ ಇದೆ, ಅರ್ಜಿದಾರ ಇಲ್ಲ. ಟಪಾಲಿನಲ್ಲಿ ಇಂಥದ್ದೊಂದು ಲಕೋಟೆ ಬಂದ ದಿನ ಕಚೇರಿಯಲ್ಲಿ ನಡೆಯುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಮೊದಲು ವಿಷಯ ಓದುತ್ತಾರೆ. ಆಮೇಲೆ ಅಕ್ಷರ ನೋಡುತ್ತಾರೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡುತ್ತಾರೆ. ‘ಇದು ಆ ಸೆಕ್ಷನ್‌ನವರದೇ ಕೆಲಸ’ ಎಂಬ ಪಿಸುಮಾತು ಹಬ್ಬುತ್ತದೆ. ಬರೆದವರು ಯಾರೆಂಬ ಚರ್ಚೆ ಸಂಜೆಯವರೆಗೂ ನಡೆಯುತ್ತದೆ. ಬರೆದದ್ದು ನಿಜವೇ ಎಂಬ ಚರ್ಚೆ ಶುರುವಾಗುವುದೇ ಇಲ್ಲ. ಕಡೆಗೆ ‘ಮೂಗರ್ಜಿ, ಕ್ರಮ ಅಗತ್ಯವಿಲ್ಲ’ ಎಂಬ ಷರಾ ಬಿದ್ದು ಕಡತ ಮುಚ್ಚುತ್ತದೆ.

ಈ ಷರಾಕ್ಕೆ ಅದರದೇ ಆದ ನ್ಯಾಯವೂ ಇದೆ. ಹೆಸರಿಲ್ಲದ ದೂರುಗಳನ್ನು ಹಗೆ ತೀರಿಸಿಕೊಳ್ಳಲು ಬಳಸಿದವರಿದ್ದಾರೆ. ಬಡ್ತಿಯ ಹೊತ್ತಿಗೆ ಸರಿಯಾಗಿ ಒಂದು ಮೂಗರ್ಜಿ ಹಾಕಿ ಪ್ರಾಮಾಣಿಕ ನೌಕರರ ವರ್ಷಗಳನ್ನೇ ಹಾಳು ಮಾಡಿದವರಿದ್ದಾರೆ. ಹಾಗಾಗಿಯೇ ಕೇಂದ್ರ ಜಾಗೃತ ಆಯೋಗ 1999ರಲ್ಲಿ, ಹೆಸರಿಲ್ಲದ ಮತ್ತು ಸುಳ್ಳು ಹೆಸರಿನ ದೂರುಗಳ ಮೇಲೆ ಕ್ರಮ ಬೇಡವೆಂದು ಸೂಚನೆ ಹೊರಡಿಸಿತು.

ಆದರೆ ನಾವು ಕೇಳಿಕೊಳ್ಳದೆ ಬಿಡುವ ಮಾತೊಂದಿದೆ. ಆ ಲಕೋಟೆ ಅಂಚೆ ಡಬ್ಬಿಗೆ ಬೀಳುವ ಆರು ತಿಂಗಳ ಮೊದಲು ಅದೇ ವಿಷಯ ಯಾವ ರೂಪದಲ್ಲಿತ್ತು? ಬಹುಪಾಲು ಸಲ ಅದೊಂದು ಸಣ್ಣ ಪ್ರಶ್ನೆಯಾಗಿತ್ತು. ‘ಈ ಬಿಲ್ಲಿಗೆ ಎರಡು ಸಲ ಯಾಕೆ ಸಹಿ?’ ‘ಹೋದ ತಿಂಗಳ ಓಟಿ ಯಾಕೆ ಸೇರಿಲ್ಲ?’ ‘ಈ ಯಂತ್ರದ ಗಾರ್ಡ್ ಯಾಕೆ ತೆಗೆದಿಟ್ಟಿದ್ದಾರೆ?’ ಕೇಳಲು ಒಂದು ಜಾಗ ಸಿಕ್ಕಿದ್ದರೆ ಪ್ರಶ್ನೆಯಾಗಿಯೇ ಮುಗಿಯುತ್ತಿತ್ತು. ಜಾಗ ಸಿಗದೆ ಒಳಗೇ ಉಳಿದು, ಹುಳಿ ಬಂದು, ಆರೋಪವಾಗಿ ಹೊರಬಂತು. ಮೂಗರ್ಜಿಗಳನ್ನು ಕಡಿಮೆ ಮಾಡುವ ದಾರಿ ಅವುಗಳ ಮೇಲೆ ಷರಾ ಬರೆಯುವುದರಲ್ಲಿ ಇಲ್ಲ. ಹೆಸರಿಲ್ಲದ ಪ್ರಶ್ನೆಗೆ ಮೊದಲೇ ಬಾಗಿಲು ತೆರೆಯುವುದರಲ್ಲಿದೆ.

ನರಸಾಪುರದ ಆ ಬೆಳಗ್ಗೆ

2020ರ ಡಿಸೆಂಬರ್ 12, ಶನಿವಾರ. ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಕಾರ್ಮಿಕರ ಸಿಟ್ಟು ಒಡೆಯಿತು. ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು, ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಹಿಂಸೆಯ ದೃಶ್ಯಗಳನ್ನು ಟಿವಿಯಲ್ಲಿ ನೋಡಿದಷ್ಟು ಆಸ್ಥೆಯಿಂದ ನಾವು ಅದರ ಹಿಂದಿನ ಎರಡು ತಿಂಗಳನ್ನು ನೋಡಲಿಲ್ಲ.

ರಾಜ್ಯದ ಕಾರ್ಖಾನೆಗಳ ಇಲಾಖೆ ಆಮೇಲೆ ನಡೆಸಿದ ಪರಿಶೀಲನೆ ಹೇಳಿದ್ದು ಇಷ್ಟು. ಸ್ವಲ್ಪ ಕಾಲದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರನ್ನು ನೋಡಿಕೊಳ್ಳಬೇಕಾದ ಎಚ್‌ಆರ್ ವಿಭಾಗ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಅಕ್ಟೋಬರ್‌ನಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಯಿತು. ಹಾಜರಾತಿ ದಾಖಲಿಸುವ ಸಾಫ್ಟ್‌ವೇರ್ ಕೈಕೊಟ್ಟಿತು, ಬೇಗ ಸರಿಹೋಗಲಿಲ್ಲ. ಬಂದವರ ಹಾಜರಿ ಬೀಳಲಿಲ್ಲ. ದುಡಿದ ಗಂಟೆ ಒಂದು, ಖಾತೆಗೆ ಬಿದ್ದ ಹಣ ಇನ್ನೊಂದು. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತೆಂದು ಆ್ಯಪಲ್ ಕಂಪನಿಯೇ ಒಪ್ಪಿ, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಹೋಯಿತು.

ಮೂಲದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘ನನ್ನ ಸಂಬಳ ಯಾಕೆ ಕಡಿಮೆ ಬಂತು?’ ಒಬ್ಬ ಗುಮಾಸ್ತ ಹಾಜರಾತಿ ಪುಸ್ತಕ ಮುಂದಿಟ್ಟುಕೊಂಡು ಉತ್ತರಿಸಬಹುದಾದ ಪ್ರಶ್ನೆ. ಆದರೆ ಅಲ್ಲಿದ್ದವರಲ್ಲಿ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಂಪನಿಯನ್ನು ಕೇಳಿದರೆ ಏಜೆನ್ಸಿಯತ್ತ, ಏಜೆನ್ಸಿಯನ್ನು ಕೇಳಿದರೆ ಕಂಪನಿಯತ್ತ ಬೆರಳು ತೋರಿಸುವುದು ಗುತ್ತಿಗೆ ಕೆಲಸದಲ್ಲಿ ಹಳೆಯ ಕಥೆ. ಹೆಸರು ಹೇಳಿ ಗಟ್ಟಿಯಾಗಿ ಕೇಳಿದವನಿಗೆ ‘ನಾಳೆಯಿಂದ ಬರಬೇಡ’ ಎನ್ನಲು ಕಾಗದವೂ ಬೇಕಿಲ್ಲ. ಇಂಥ ಕಡೆ ಜನ ಕ್ಯಾಂಟೀನಿನಲ್ಲಿ, ಕಂಪನಿ ಬಸ್ಸಿನಲ್ಲಿ, ಪಿಜಿ ರೂಮಿನಲ್ಲಿ ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಾರೆ. ಉತ್ತರ ಕೊಡಬಲ್ಲವರ ಕಿವಿಗೆ ಮಾತ್ರ ಅದು ಬೀಳುವುದಿಲ್ಲ. ಬೀಳುವ ಹೊತ್ತಿಗೆ ಅದು ಪ್ರಶ್ನೆಯಾಗಿ ಉಳಿದಿರುವುದಿಲ್ಲ.

ಬಾಗಿಲ ಪಕ್ಕದ ಪೆಟ್ಟಿಗೆ

ನಾನು ಮೊದಲು ಕೆಲಸಕ್ಕೆ ಸೇರಿದ ಕಚೇರಿಯ ಗೋಡೆಯಲ್ಲಿ ಹಸಿರು ಬಣ್ಣದ ತಗಡಿನ ‘ಸಲಹಾ ಪೆಟ್ಟಿಗೆ’ ಇತ್ತು. ಅದನ್ನು ನೇತುಹಾಕಿದ್ದು ಮ್ಯಾನೇಜರ್ ಕೋಣೆಯ ಗಾಜಿನ ಬಾಗಿಲ ಪಕ್ಕ. ನಮ್ಮ ಮಹಡಿಯಿಂದ ಕೆಳಗಿಳಿಯಲು ಹಿಂಬದಿಯಲ್ಲಿ ಇನ್ನೊಂದು ಮೆಟ್ಟಿಲಿತ್ತು. ಹಳೆಯ ಕಡತಗಳ ಕಟ್ಟುಗಳನ್ನು ಅದರ ಮೇಲೆ ಪೇರಿಸುತ್ತಾ ಪೇರಿಸುತ್ತಾ ದಾರಿಯೇ ಮುಚ್ಚಿಹೋಗಿತ್ತು. ಒಂದು ದಿನ ನಾನು ಚೀಟಿ ಬರೆದೆ: ‘ಹಿಂದಿನ ಮೆಟ್ಟಿಲು ಖಾಲಿ ಮಾಡಿಸಬಹುದೇ?’ ನಾಲ್ಕೇ ಪದ. ಮಡಚಿ ಜೇಬಿನಲ್ಲಿಟ್ಟುಕೊಂಡು ಪೆಟ್ಟಿಗೆಯ ಹತ್ತಿರ ಹೋದೆ. ಗಾಜಿನ ಆಚೆ ಮ್ಯಾನೇಜರ್ ತಲೆಯೆತ್ತಿ ನೋಡಿದರು. ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಹಾಗೇ ಮುಂದೆ ಹೋಗಿ ನೀರು ಕುಡಿದು ವಾಪಸ್ ಬಂದು ಕೂತೆ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಮೀಟರ್ ಬೋರ್ಡಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಮಹಡಿಯೆಲ್ಲ ಹೊಗೆ ತುಂಬಿತು. ಹಿಂದಿನ ಮೆಟ್ಟಿಲಿನತ್ತ ಓಡಿದವರು ಕಡತದ ಕಟ್ಟುಗಳಿಗೆ ಎಡವಿ, ಹೊಗೆಯಲ್ಲೇ ತಿರುಗಿ ಬರಬೇಕಾಯಿತು. ಪ್ರಾಣಾಪಾಯವಾಗಲಿಲ್ಲ. ಲೆಕ್ಕ ವಿಭಾಗದ ಹಿರಿಯರೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡರು. ಮಾರನೆಯ ದಿನ ಮ್ಯಾನೇಜರ್ ನಮ್ಮೆಲ್ಲರನ್ನೂ ಕೂಡಿಸಿ ಕೇಳಿದರು: ‘ಅಲ್ರೀ, ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತಾ?’ ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ನಿಜಕ್ಕೂ ನೊಂದು ಕೇಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆ ಹಿರಿಯರ ಕೈಗೆ ಹಾಕಿದ್ದ ಪ್ಲಾಸ್ಟರ್ ಕಂಡಾಗಲೆಲ್ಲ ನನ್ನ ಜೇಬಿನ ಚೀಟಿ ನೆನಪಾಗುತ್ತಿತ್ತು. ಇವತ್ತಿಗೂ ಆಗುತ್ತದೆ.

ಹೆದರಿಸಿದವರು ಯಾರೂ ಇರಲಿಲ್ಲ, ಆದರೂ ನಾನು ಹೆದರಿದೆ. ದೊಡ್ಡವರನ್ನು ಎದುರಿಗೆ ನಿಂತು ಪ್ರಶ್ನಿಸುವುದನ್ನು ನಮ್ಮ ಮನೆಗಳಲ್ಲಿ ‘ಎದುರುತ್ತರ’ ಎನ್ನುತ್ತಾರೆ. ಶಾಲೆಯಲ್ಲಿ ಹೆಚ್ಚು ಕೇಳಿದ ಹುಡುಗ ‘ಅಧಿಕಪ್ರಸಂಗಿ’. ಇಪ್ಪತ್ತು ವರ್ಷ ಹೀಗೆ ಬೆಳೆದವರನ್ನು ಕಚೇರಿಗೆ ಕರೆತಂದು, ‘ನಮ್ಮಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು’ ಎಂದು ಹೇಳಿದ ಮಾತ್ರಕ್ಕೆ ಅವರ ಬಾಯಿ ತೆರೆಯುವುದಿಲ್ಲ. ಹೆಸರು ಬರೆಯಬೇಕಿಲ್ಲ ಎಂಬ ಭರವಸೆ ಇಂಥವರಿಗೆ ಊರುಗೋಲಿದ್ದಂತೆ. ಕಾಲು ಬಲಿಯುವವರೆಗೆ ಅದು ಬೇಕು.

ಆಕಾಶದಲ್ಲಿ ಕಲಿತ ಪಾಠ

ಈ ಊರುಗೋಲನ್ನು ಒಂದು ಇಡೀ ಉದ್ಯಮ ಅಧಿಕೃತವಾಗಿ ಕೈಗೆತ್ತಿಕೊಂಡ ಕಥೆ ಎಲ್ಲ ಕಚೇರಿಗಳಿಗೂ ಗೊತ್ತಿರಬೇಕು. 1974ರ ಡಿಸೆಂಬರ್ 1ರಂದು ಅಮೆರಿಕದ ಟಿಡಬ್ಲ್ಯುಎ ಸಂಸ್ಥೆಯ 514ನೇ ವಿಮಾನ ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಾ ವರ್ಜೀನಿಯಾದ ಮೌಂಟ್ ವೆದರ್ ಬೆಟ್ಟಕ್ಕೆ ಬಡಿಯಿತು. ವಿಮಾನದಲ್ಲಿದ್ದ 92 ಜನರೂ ಸತ್ತರು. ಇಳಿಯಲು ಅನುಮತಿ ಕೊಟ್ಟ ನಿಯಂತ್ರಕರು ಒಂದರ್ಥದಲ್ಲಿ ಹೇಳಿದ್ದನ್ನು ಪೈಲಟ್‌ಗಳು ಇನ್ನೊಂದರ್ಥದಲ್ಲಿ ತೆಗೆದುಕೊಂಡು, ಬೆಟ್ಟ ದಾಟುವ ಮೊದಲೇ ವಿಮಾನವನ್ನು ಕೆಳಗಿಳಿಸಿದ್ದರು.

ತನಿಖೆಯಲ್ಲಿ ಎದೆ ಹಿಂಡುವ ಸಂಗತಿಯೊಂದು ಹೊರಬಂತು. ಸುಮಾರು ಆರು ವಾರ ಮೊದಲು ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಅದೇ ಜಾಗದಲ್ಲಿ, ಅದೇ ತಪ್ಪು ತಿಳಿವಳಿಕೆಯಿಂದ, ಅದೇ ಬೆಟ್ಟಕ್ಕೆ ಬಡಿಯುವುದರಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆಯಲ್ಲಿ ಪೈಲಟ್‌ಗಳು ಹೆಸರಿನ ಭಯವಿಲ್ಲದೆ ತಮ್ಮ ತಪ್ಪು ಹೇಳಿಕೊಳ್ಳುವ ವ್ಯವಸ್ಥೆ ಆಗಷ್ಟೇ ಶುರುವಾಗಿತ್ತು. ಅವರು ಹೇಳಿಕೊಂಡರು, ಸಂಸ್ಥೆ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಟ್ಟಿತು. ಆದರೆ ಆ ಎಚ್ಚರಿಕೆ ಪಕ್ಕದ ಸಂಸ್ಥೆಗೆ ದಾಟಲಿಲ್ಲ. ಒಂದು ಕಡೆ ಪ್ರಶ್ನೆ ಕೇಳಲು ಜಾಗವಿತ್ತು, ಜೀವ ಉಳಿಯಿತು. ಆ ಪ್ರಶ್ನೆ ಎಲ್ಲರಿಗೂ ತಲುಪುವ ದಾರಿ ಇರಲಿಲ್ಲ, 92 ಜೀವ ಹೋಯಿತು.

ಅಲ್ಲಿನ ವಾಯುಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1975ರಲ್ಲಿ ದೇಶಕ್ಕೆಲ್ಲ ಒಂದು ವರದಿ ವ್ಯವಸ್ಥೆ ತೆರೆಯಿತು. ಪೈಲಟ್‌ಗಳು ಹಿಂಜರಿದರು. ಲೈಸೆನ್ಸ್ ಕಿತ್ತುಕೊಳ್ಳಬಲ್ಲ ಸಂಸ್ಥೆಗೆ ತಮ್ಮ ತಪ್ಪನ್ನು ತಾವೇ ಬರೆದು ಕೊಡುವವರು ಯಾರು? ಆಗ ಮರುವರ್ಷ, 1976ರಲ್ಲಿ, ಆ ಕೆಲಸವನ್ನು ಯಾರಿಗೂ ದಂಡ ಹಾಕುವ ಅಧಿಕಾರವಿಲ್ಲದ ನಾಸಾಕ್ಕೆ ಒಪ್ಪಿಸಿದರು. ಎಎಸ್‌ಆರ್‌ಎಸ್ ಎಂಬ ಆ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ. ಇದುವರೆಗೆ ಬಂದ ವರದಿಗಳ ಸಂಖ್ಯೆ ಹತ್ತು ಲಕ್ಷ ದಾಟಿ ಎಷ್ಟೋ ಕಾಲವಾಯಿತು.

ಅದರ ಕುಶಲತೆ ಒಂದು ಕಾಗದದ ಪಟ್ಟಿಯಲ್ಲಿತ್ತು. ಬರೆಯುವವರ ಹೆಸರು, ಫೋನ್ ನಂಬರು ಫಾರಂನ ತುದಿಯ ಪಟ್ಟಿಯಲ್ಲಿ ಮಾತ್ರ. ವರದಿ ಓದುವ ಅನುಭವಿಗಳು ಏನಾದರೂ ಸ್ಪಷ್ಟವಾಗಬೇಕಿದ್ದರೆ ಒಮ್ಮೆ ಕರೆ ಮಾಡಿ ಕೇಳಿಕೊಳ್ಳುತ್ತಾರೆ. ಆಮೇಲೆ ಆ ಪಟ್ಟಿಯನ್ನು ಕತ್ತರಿಸಿ ಬರೆದವರಿಗೇ ವಾಪಸ್ ಕಳಿಸುತ್ತಾರೆ. ಉಳಿಯುವುದು ಸಂಗತಿ ಮಾತ್ರ, ಸಂಬಂಧಪಟ್ಟವರ ಹೆಸರಿಲ್ಲ. ಉದ್ದೇಶವಿಲ್ಲದೆ ನಿಯಮ ತಪ್ಪಿದ್ದರೆ, ಹತ್ತು ದಿನದೊಳಗೆ ವರದಿ ಕೊಟ್ಟಿದ್ದರೆ, ಸಾಮಾನ್ಯವಾಗಿ ದಂಡನೆಯೂ ಇಲ್ಲ. ಅಪರಾಧ ಮತ್ತು ಅಪಘಾತಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಕಲಿತ ಪಾಠಗಳನ್ನು ‘ಕಾಲ್‌ಬ್ಯಾಕ್’ ಎಂಬ ಮಾಸಿಕ ಪತ್ರಿಕೆಯಲ್ಲಿ ಎಲ್ಲರಿಗೂ ಹಂಚುತ್ತಾರೆ.

ಇದರಿಂದ ಯಾವ ಕಚೇರಿಯಾದರೂ ಮೂರು ವಿಷಯ ಕಲಿಯಬಹುದು. ಪ್ರಶ್ನೆ ಪಡೆಯುವವರು ಶಿಕ್ಷೆ ಕೊಡಬಲ್ಲವರಾಗಿರಬಾರದು. ಹೆಸರು ಒಂದು ಹಂತದಲ್ಲಿ ಗೊತ್ತಾದರೂ ಅದು ಅಲ್ಲೇ ಕತ್ತರಿಸಿ ಹೋಗಬೇಕು. ಬಂದ ಪ್ರಶ್ನೆಗೆ ಸಿಕ್ಕ ಉತ್ತರ ಕೇಳಿದವರೊಬ್ಬರಿಗೇ ಉಳಿಯದೆ ಎಲ್ಲರಿಗೂ ತಲುಪಬೇಕು.

ನಮ್ಮ ಕಾನೂನು ಎಲ್ಲಿ ನಿಂತಿದೆ

ಹೆಸರು ಹೇಳದಿರುವುದು ಬೇರೆ, ಹೇಳಿದ ಹೆಸರನ್ನು ಗುಟ್ಟಾಗಿಡುವುದು ಬೇರೆ. ನಮ್ಮ ಕಾನೂನುಗಳು ಹೆಚ್ಚಾಗಿ ಎರಡನೆಯದರ ಕಡೆಗಿವೆ. ಆ ದಾರಿ ಮುರಿದರೆ ಏನಾಗುತ್ತದೆ ಎಂಬುದನ್ನು ಸತ್ಯೇಂದ್ರ ದುಬೆ ಅವರ ಬದುಕು ತೋರಿಸಿತು. ಐಐಟಿ ಕಾನ್ಪುರದಲ್ಲಿ ಓದಿದ ಈ ಎಂಜಿನಿಯರ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ ಸುವರ್ಣ ಚತುಷ್ಪಥ ಯೋಜನೆಯ ಕೆಲಸದಲ್ಲಿದ್ದರು. ಕಾಮಗಾರಿಯ ಅಕ್ರಮಗಳ ಬಗ್ಗೆ 2002ರ ನವೆಂಬರ್‌ನಲ್ಲಿ ಪ್ರಧಾನಿಗೆ ಪತ್ರ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಿ ಎಂದು ಬೇಡಿಕೊಂಡಿದ್ದರು. ಹೆಸರಿನ ಸಮೇತ ಪತ್ರ ಕಚೇರಿಯಿಂದ ಕಚೇರಿಗೆ ಹೋಯಿತು. ಒಂದು ವರ್ಷದ ನಂತರ, 2003ರ ನವೆಂಬರ್ 27ರಂದು, ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದು ದರೋಡೆಯ ವೇಳೆ ನಡೆದ ಕೊಲೆ ಎಂದು ಸಿಬಿಐ ಹೇಳಿತು, ಆರೋಪಿಗಳಿಗೆ ಶಿಕ್ಷೆಯೂ ಆಯಿತು. ಆದರೆ ಗುಟ್ಟಾಗಿಡಿ ಎಂದು ಕೇಳಿದ ಹೆಸರನ್ನು ಗುಟ್ಟಾಗಿಡಲು ನಮ್ಮ ವ್ಯವಸ್ಥೆಗೆ ಆಗಲಿಲ್ಲ ಎಂಬುದನ್ನು ಯಾವ ತೀರ್ಪೂ ಅಳಿಸುವುದಿಲ್ಲ.

ಆ ಆಘಾತದಿಂದಲೇ 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ನಿರ್ಣಯವೊಂದು ಬಂತು. ಕೇಂದ್ರ ಸರ್ಕಾರಿ ಸಂಸ್ಥೆಗಳ ಭ್ರಷ್ಟಾಚಾರದ ಬಗ್ಗೆ ಕೇಂದ್ರ ಜಾಗೃತ ಆಯೋಗಕ್ಕೆ ಬರೆಯಬಹುದು. ಹೆಸರು, ವಿಳಾಸ ಪತ್ರದ ಒಳಗಿರಬೇಕು, ಲಕೋಟೆಯ ಮೇಲೆ ಇರಬಾರದು. ಆಯೋಗ ಆ ಹೆಸರನ್ನು ಹೊರಗೆ ಬಿಡುವುದಿಲ್ಲ. ಸಂಸತ್ತು 2014ರಲ್ಲಿ ಇದಕ್ಕೊಂದು ಕಾಯ್ದೆಯನ್ನೇ ಒಪ್ಪಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದನ್ನು ಜಾರಿಗೆ ತರುವ ಕೆಲಸ ಮಾತ್ರ ಆಗಲಿಲ್ಲ. ಆ ಕಾಯ್ದೆಯಲ್ಲೂ ಹೆಸರಿಲ್ಲದ ದೂರಿಗೆ ಜಾಗವಿಲ್ಲ.

ಖಾಸಗಿ ವಲಯದಲ್ಲಿ 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆದವು ಮತ್ತು ಬ್ಯಾಂಕು, ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಪಡೆದವು, ಉದ್ಯೋಗಿಗಳು ನಿರ್ಭಯವಾಗಿ ವಿಷಯ ಮುಟ್ಟಿಸುವ ವ್ಯವಸ್ಥೆ ಇಡಬೇಕೆಂದು ಹೇಳುತ್ತದೆ. ಹೇಳಿದವರಿಗೆ ಕಿರುಕುಳವಾಗದಂತೆ ರಕ್ಷಣೆ ಇರಬೇಕು, ಅಗತ್ಯ ಬಿದ್ದಾಗ ನೇರವಾಗಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನು ತಲುಪುವಂತಿರಬೇಕು. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಕಡ್ಡಾಯ; ಅಲ್ಲಿ ದೂರು ಲಿಖಿತವಾಗಿರಬೇಕು, ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು, ದೂರು ಕೊಟ್ಟವರ ಗುರುತನ್ನು ಬಹಿರಂಗಪಡಿಸುವುದು ಕಾನೂನುಬಾಹಿರ.

ಇವೆಲ್ಲ ಬೇಕು. ಆದರೆ ಗಮನಿಸಿ, ಇವೆಲ್ಲ ದೂರಿನ ಹಂತದ ವ್ಯವಸ್ಥೆಗಳು. ಮನೆಗೆ ಬೆಂಕಿ ಬಿದ್ದ ಮೇಲೆ ಕರೆಯುವ ಅಗ್ನಿಶಾಮಕ ದಳದ ಹಾಗೆ. ಒಲೆಯ ಪಕ್ಕ ಸೀಮೆಎಣ್ಣೆ ಡಬ್ಬ ಇಟ್ಟಿದ್ದೀರಲ್ಲ ಎಂದು ಹೇಳುವ ಹಂತಕ್ಕೆ ಕಾನೂನು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದು ಆಯಾ ಕಚೇರಿಯವರೇ ಕಟ್ಟಿಕೊಳ್ಳಬೇಕಾದ ಪದ್ಧತಿ.

ಸುಳ್ಳು ಬಂದರೆ?

‘ಹೆಸರಿಲ್ಲದೆ ಬರೆಯಲು ಬಿಟ್ಟರೆ ಮನಸ್ಸಿಗೆ ಬಂದದ್ದೆಲ್ಲ ಬರೆಯುತ್ತಾರೆ’ ಎಂಬ ಆತಂಕ ಸಹಜ. 2019ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ಹಿರಿಯ ಅಧಿಕಾರಿಗಳ ಮೇಲೆ ಆರೋಪ ಹೊರಿಸಿದ, ಸಹಿಯಿಲ್ಲದ ಪತ್ರವೊಂದು ಬಹಿರಂಗವಾಯಿತು. ಮರುದಿನವೇ ಷೇರು ಬೆಲೆ ಸುಮಾರು ಶೇ 16ರಷ್ಟು ಕುಸಿಯಿತು. ಹೊರಗಿನ ತಜ್ಞರ ನೆರವಿನಿಂದ ತನಿಖೆ ನಡೆಸಿದ ಲೆಕ್ಕಪರಿಶೋಧನಾ ಸಮಿತಿ, ಆರೋಪಗಳಿಗೆ ಆಧಾರ ಸಿಗಲಿಲ್ಲವೆಂದು 2020ರ ಜನವರಿಯಲ್ಲಿ ಹೇಳಿತು. ಹೆಸರಿಲ್ಲದ ಆರೋಪ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದು ಉದಾಹರಣೆ. ಹೆಸರಿಲ್ಲವೆಂದು ಪಕ್ಕಕ್ಕೆಸೆಯದೆ, ವಿಷಯ ನೋಡಿ ತನಿಖೆ ನಡೆಸಿದರೆ ಆರೋಪ ಹೊತ್ತವರಿಗೂ ನ್ಯಾಯ ಸಿಗುತ್ತದೆ ಎಂಬುದಕ್ಕೂ ಉದಾಹರಣೆ.

ಅದಕ್ಕೇ ನಾನು ಆರೋಪಕ್ಕೂ ಪ್ರಶ್ನೆಗೂ ಗೆರೆ ಎಳೆಯಿರಿ ಎನ್ನುವುದು. ‘ಸ್ಟೋರ್ ಕೀಪರ್ ಕಳ್ಳ’ ಎಂಬುದು ಆರೋಪ. ‘ಸ್ಟೋರಿನ ದಾಸ್ತಾನು ಪುಸ್ತಕಕ್ಕೂ ಇರುವ ಸಾಮಾನಿಗೂ ತಾಳೆ ನೋಡಿ ಎಷ್ಟು ದಿನವಾಯಿತು?’ ಎಂಬುದು ಪ್ರಶ್ನೆ. ಮೊದಲನೆಯದಕ್ಕೆ ಒಬ್ಬ ಮನುಷ್ಯನ ಮರ್ಯಾದೆ ಹೋಗುತ್ತದೆ. ಎರಡನೆಯದಕ್ಕೆ ಒಂದು ಮಧ್ಯಾಹ್ನದ ಕೆಲಸ ಸಾಕು. ಎಲ್ಲ ಸರಿಯಿದ್ದರೆ ಸ್ಟೋರ್ ಕೀಪರ್‌ನ ಗೌರವವೇ ಹೆಚ್ಚುತ್ತದೆ. ಹೆಸರಿಲ್ಲದ ಚೀಟಿ ವ್ಯಕ್ತಿಯ ಬಗ್ಗೆ ಇರದೆ ಕೆಲಸದ ಬಗ್ಗೆ ಇರಲಿ ಎಂಬ ಒಂದೇ ನಿಯಮ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅರ್ಧ ಆತಂಕ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಆತಂಕ, ಪೆಟ್ಟಿಗೆ ತುಂಬಿಹೋದರೆ ಎಂಬುದು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಹೊಂದಾಣಿಕೆಯಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂದು ಅವರ ನಿರೀಕ್ಷೆ. ಲೆಕ್ಕದಲ್ಲಿ ಕಂಡದ್ದು ತದ್ವಿರುದ್ಧ. ಆಮೇಲೆ ತಿಳಿಯಿತು: ಆ ತಂಡಗಳ ನರ್ಸ್‌ಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಹಾಗಾಗಿ ಮೊದಲ ತಿಂಗಳು ಪೆಟ್ಟಿಗೆ ತುಂಬಿದರೆ ಸಂಸ್ಥೆ ಕೆಟ್ಟಿತೆಂದು ಅಲ್ಲ, ಜನ ನಂಬಿದರೆಂದು ತಿಳಿಯಬೇಕು. ಚಿಂತೆ ಮಾಡಬೇಕಾದದ್ದು ವರ್ಷವಿಡೀ ಖಾಲಿಯಿರುವ ಪೆಟ್ಟಿಗೆಯ ಬಗ್ಗೆ.

ಕೇಳಿದ್ದಕ್ಕೇ ಸಿಗುವ ಫಲ

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಸಂಸ್ಥೆಯೊಂದು ಹದಗೆಟ್ಟಾಗ ಅದರೊಳಗಿನ ಜನಕ್ಕೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೇ ಬಾಯಿಬಿಟ್ಟು ಹೇಳುವುದು. ಹೇಳುವ ದಾರಿ ಮುಚ್ಚಿದ್ದರೆ ಬಿಡುವ ದಾರಿ ತುಂಬುತ್ತದೆ. ಈ ಮಾತನ್ನು ನಿಜವಾದ ಕಾರ್ಖಾನೆಗಳಲ್ಲಿ ಪರೀಕ್ಷೆಗೆ ಒಡ್ಡಿದ್ದು ನಮ್ಮ ದೇಶದ ಗಾರ್ಮೆಂಟ್ ಕೆಲಸಗಾರರ ನಡುವೆ. ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆಯಾಗಿ ಜನ ಬೇಸರದಲ್ಲಿದ್ದ ಹೊತ್ತು. ಅಚ್ಯುತ ಅಧ್ವರ್ಯು ಮತ್ತು ಅವರ ಸಹ ಸಂಶೋಧಕರು ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಹೆಸರು ಕೇಳದೆ, ಕೆಲಸದ ಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆಸಿಕೊಳ್ಳುತ್ತಾರೆ, ಕೆಲಸ ತೃಪ್ತಿ ಕೊಟ್ಟಿದೆಯೇ ಎಂದು ಅಭಿಪ್ರಾಯ ಕೇಳಿದರು. ಹೀಗೆ ಅಭಿಪ್ರಾಯ ಹೇಳಿದವರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಉಳಿದವರಿಗಿಂತ ಕಡಿಮೆಯಾಯಿತು. ಅತಿ ಹೆಚ್ಚು ನಿರಾಶರಾಗಿದ್ದವರಲ್ಲೇ ಈ ಪರಿಣಾಮ ಎದ್ದು ಕಂಡಿತು.

ಇದನ್ನು ಓದಿದಾಗ ಮನಸ್ಸು ತುಂಬಿ ಬಂತು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಟಾರ್ಗೆಟ್ ಲೆಕ್ಕ ಹಾಕುತ್ತಾ ಕೂತ ಹೆಣ್ಣುಮಗಳಿಗೆ ‘ನಿಮಗೆ ಏನನ್ನಿಸುತ್ತದಮ್ಮಾ?’ ಎಂದು ಒಬ್ಬರು ಕೇಳಿದ್ದಕ್ಕೇ ಇಷ್ಟು ಬೆಲೆ ಇದೆ. ಹಾಗೆಂದು ಕೇಳಿ ಸುಮ್ಮನಾಗುವುದನ್ನೇ ಉಪಾಯ ಮಾಡಿಕೊಂಡರೆ ಅದು ವಂಚನೆ. ಒಂದು ಸಲ ನಂಬುತ್ತಾರೆ, ಎರಡನೆಯ ಸಲ ನಂಬುವುದಿಲ್ಲ.

ಪೆಟ್ಟಿಗೆ ಇಡುವವರಿಗೆ, ಚೀಟಿ ಹಾಕುವವರಿಗೆ

ಇದಕ್ಕೆ ದೊಡ್ಡ ಖರ್ಚಿಲ್ಲ. ಹದಿನೈದು ಜನರ ಪ್ರಿಂಟಿಂಗ್ ಪ್ರೆಸ್ಸಿಗೂ ನರ್ಸಿಂಗ್ ಹೋಮಿಗೂ ಸಹಕಾರ ಸಂಘಕ್ಕೂ ಇದು ಸಾಧ್ಯ. ಪೆಟ್ಟಿಗೆ ಸಾಹೇಬರ ಬಾಗಿಲ ಬಳಿ ಬೇಡ, ಕ್ಯಾಮೆರಾದ ಕೆಳಗೂ ಬೇಡ; ಎಲ್ಲರೂ ಓಡಾಡುವ, ಯಾರೂ ಕಾಯದ ಜಾಗದಲ್ಲಿರಲಿ. ಬೀಗದ ಕೀಲಿ ಇಬ್ಬರ ಬಳಿ ಇರಲಿ, ಅವರಲ್ಲಿ ಒಬ್ಬರು ನೌಕರರು ಆರಿಸಿದವರಾಗಿರಲಿ. ತೆರೆಯುವ ವಾರ ಗೊತ್ತಿರಲಿ. ಬಂದ ಪ್ರಶ್ನೆಯನ್ನು ಟೈಪ್ ಮಾಡಿಸಿ, ಉತ್ತರದ ಸಮೇತ ನೋಟಿಸ್ ಬೋರ್ಡಿಗೆ ಹಾಕಲಿ. ಕೈಬರಹದ ಚೀಟಿ ಅಲ್ಲೇ ನಾಶವಾಗಲಿ. ಮಾಡಲು ಆಗದ್ದಕ್ಕೆ ‘ಆಗುವುದಿಲ್ಲ, ಕಾರಣ ಇದು’ ಎಂಬ ಉತ್ತರವೂ ಉತ್ತರವೇ. ಜನ ‘ಇಲ್ಲ’ ಎಂಬುದನ್ನು ಸಹಿಸಿಕೊಳ್ಳುತ್ತಾರೆ, ಮೌನವನ್ನು ಸಹಿಸುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಬರೆದವರು ಯಾರೆಂದು ಮಾತಿಗೂ ಊಹಿಸಬಾರದು. ‘ಇದು ಅವಳದೇ ಅಕ್ಷರ’ ಎಂದು ಮೇಲಿನವರು ಒಮ್ಮೆ ನಕ್ಕರೆ ಸಾಕು, ಆ ಪೆಟ್ಟಿಗೆ ಅಂದಿಗೆ ಮುಗಿಯಿತು.

ಮೊಬೈಲಿನಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಂಬರು ಕಾಣುತ್ತದೆ. ಆನ್‌ಲೈನ್ ಫಾರಂನಲ್ಲಿ ಇಮೇಲ್ ದಾಖಲಾಗುವ ಆಯ್ಕೆ ಇರಬಹುದು. ಅದನ್ನು ನಿಲ್ಲಿಸಿದ್ದೀರೆಂದು ತೋರಿಸಿಯೇ ಹಂಚಿ. ಕಚೇರಿಯ ಕಂಪ್ಯೂಟರಿನಿಂದ ಕಳಿಸಿದ್ದು ಕಚೇರಿಗೆ ಗೊತ್ತಾಗಬಹುದು ಎಂಬುದನ್ನು ಬರೆಯುವವರೂ ಮರೆಯಬಾರದು.

ಬರೆಯುವವರಿಗೂ ಜವಾಬ್ದಾರಿ ಇದೆ. ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನು ಬಿಡಿ. ಎಲ್ಲಿ, ಯಾವಾಗಿನಿಂದ ಎಂಬುದಿದ್ದರೆ ನೋಡುವವರಿಗೆ ದಾರಿ ಸಿಗುತ್ತದೆ. ನಿಮಗೊಬ್ಬರಿಗೇ ಗೊತ್ತಿರುವ ವಿವರ ಬರೆದರೆ ಹೆಸರು ಬರೆದಂತೆಯೇ. ಎಂಟು ಜನರ ಕಚೇರಿಯಲ್ಲಿ ಇದು ಇನ್ನೂ ನಿಜ. ಜೀವಕ್ಕೆ ಅಪಾಯವಿರುವ ವಿಷಯಕ್ಕೆ ಪೆಟ್ಟಿಗೆ ತೆರೆಯುವ ವಾರ ಕಾಯಬೇಡಿ, ಆ ಕ್ಷಣವೇ ಹೇಳಿ. ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ ಇದೆ, ಸಂಬಳ ಕೊಡದಿದ್ದರೆ ಕಾರ್ಮಿಕ ಇಲಾಖೆ ಇದೆ. ಹೆಸರಿಲ್ಲದ ಚೀಟಿ ಇವುಗಳ ಜಾಗ ತುಂಬಲಾರದು. ಕಾರ್ಮಿಕ ಸಂಘದ ಜಾಗವನ್ನಂತೂ ತುಂಬಲೇಬಾರದು.

ಇದೆಲ್ಲದರ ಗುರಿ ಜನ ಸದಾ ಹೆಸರು ಮುಚ್ಚಿಟ್ಟುಕೊಂಡಿರಲಿ ಎಂಬುದಲ್ಲ. ಟೊಯೊಟಾ ಕಾರ್ಖಾನೆಗಳಲ್ಲಿ ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕೆಲಸಗಾರನೂ ದೋಷ ಕಂಡರೆ ‘ಆಂಡಾನ್’ ಎಂಬ ಎಚ್ಚರಿಕೆ ದೀಪದ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅಲ್ಲಿ ಎಳೆದವನು ಯಾರೆಂದು ಎಲ್ಲರಿಗೂ ಕಾಣುತ್ತದೆ. ಎಳೆಯುವುದೇ ಅವನ ಕೆಲಸವೆಂದು ಎಲ್ಲರೂ ಒಪ್ಪಿರುವುದರಿಂದ ಅವನು ಹೆಸರು ಮುಚ್ಚಿಡಬೇಕಿಲ್ಲ. ನಾವು ಅಲ್ಲಿಗೆ ತಲುಪಬೇಕು. ಆದರೆ ‘ಎದುರುತ್ತರ ಕೊಡಬೇಡ’ ಎಂದು ಕಲಿತು ಬಂದವರು ಒಂದೇ ದಿನದಲ್ಲಿ ಹಗ್ಗಕ್ಕೆ ಕೈಹಾಕುವುದಿಲ್ಲ. ಹೆಸರಿಲ್ಲದ ಹತ್ತು ಚೀಟಿಗಳಿಗೆ ನೇರವಾದ ಉತ್ತರ ಕಂಡ ಮೇಲೆ ಹನ್ನೊಂದನೆಯದರಲ್ಲಿ ಯಾರೋ ಒಬ್ಬರು ಹೆಸರು ಬರೆಯುವ ಧೈರ್ಯ ಮಾಡುತ್ತಾರೆ.

ನಮ್ಮ ಮ್ಯಾನೇಜರ್ ಅಂದು 'ಒಬ್ಬರಾದರೂ ಹೇಳಬಾರದಿತ್ತಾ' ಎಂದು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿತ್ತು, ಹೇಳಲಿಲ್ಲ. ಪ್ರತಿ ಅವಘಡದ ಮಾರನೆಯ ದಿನ ಎಲ್ಲೋ ಒಂದು ಕಡೆ, ಯಾರೋ ಒಬ್ಬ ಒಳ್ಳೆಯ ಯಜಮಾನ ಇದೇ ಮಾತು ಕೇಳುತ್ತಿರುತ್ತಾನೆ. ಯಾರದೋ ಜೇಬಿನಲ್ಲಿ ಒಂದು ಚೀಟಿ ಮಡಚಿಕೊಂಡೇ ಇರುತ್ತದೆ. ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೆ, ನಾಳೆ ಬೆಳಗ್ಗೆ ಕಚೇರಿಗೆ ಹೋದವರೇ ಒಮ್ಮೆ ನೋಡಿ: ನಿಮ್ಮಲ್ಲಿ ಪೆಟ್ಟಿಗೆ ಇದೆಯೇ? ಇದ್ದರೆ ಯಾರ ಬಾಗಿಲ ಪಕ್ಕದಲ್ಲಿದೆ? ಮೊದಲು ಅದನ್ನು ಅಲ್ಲಿಂದ ತೆಗೆಸಿ.